ನಮ್ಮ ಸ್ಪಿನ್ ವೀರರು ನಿಜಕ್ಕೂ ಅಷ್ಟು ದೊಡ್ಡವರೇ?

ಕೆಲವು ದಿನಗಳ ಹಿಂದೆ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಕುಶಲಪ್ರಶ್ನೆ ಮುಗಿದ ಮೇಲೆ ನಗುತ್ತಾ ಕೇಳಿದ: "ಮೇಷ್ಟ್ರೇ, ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಾಗಿ ಬೌಲ್ ಮಾಡಿದರೆ ಜಗತ್ತೇ ನಡುಗುತ್ತಿತ್ತು ಎಂದು ತರಗತಿಯಲ್ಲಿ ಹೇಳುತ್ತಿದ್ದಿರಿ. ಅವರು ಒಟ್ಟಿಗೆ ಆಡಿದ್ದು ಒಂದೇ ಟೆಸ್ಟ್. ಅದರಲ್ಲಿ ನಾವು ಸೋತೆವು, ಗೊತ್ತೇ?"

ಮನೆಗೆ ಬಂದು ಪರಿಶೀಲಿಸಿದೆ. ಅವನ ಮಾತು ಸತ್ಯ. 1967ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಆ ಟೆಸ್ಟನ್ನು ಇಂಗ್ಲೆಂಡ್ 132 ರನ್ನುಗಳಿಂದ ಗೆದ್ದಿತು. ಆಧಾರವಿಲ್ಲದೆ ಉತ್ತರ ಬರೆದ ಮಕ್ಕಳ ಅಂಕ ಕಡಿದ ಇತಿಹಾಸದ ಮೇಷ್ಟ್ರು ನಾನು. ನಾನೇ ದಂತಕಥೆಯನ್ನು ಇತಿಹಾಸವೆಂದು ಬೋಧಿಸಿದ್ದೆ. ಆ ಸಾಲವನ್ನು ತೀರಿಸಲೆಂದೇ ಈ ಬರಹ.

ಆತನ ಎರಡನೆಯ ವಾದ ಇನ್ನೂ ಗಟ್ಟಿಯಾಗಿತ್ತು. ನಮ್ಮ ಬೆಂಗಳೂರಿನ ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು, ಸರಾಸರಿ 29.74. ಪ್ರಸನ್ನರದು 49 ಟೆಸ್ಟ್‌ಗಳಲ್ಲಿ 189 ವಿಕೆಟ್, ಸರಾಸರಿ 30.38. 2024ರಲ್ಲಿ ನಿವೃತ್ತರಾದ ಅಶ್ವಿನ್ ಪಡೆದದ್ದು 537 ವಿಕೆಟ್, ಸರಾಸರಿ 24. "ಹಾಗಾದರೆ ನಿಮ್ಮ ವೀರರು ದೊಡ್ಡವರು ಹೇಗೆ?" ಎಂಬುದು ಅವನ ಪ್ರಶ್ನೆ.

ಈ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. ಹೆವಿವೇಟ್ ಬಾಕ್ಸಿಂಗ್‌ನಲ್ಲೂ ಇದೇ ವಿವಾದವಿದೆ. ಜೋ ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದು 25 ಬಾರಿ ಪಟ್ಟ ಉಳಿಸಿಕೊಂಡರು. ಅವರ ಎದುರಾಳಿಗಳಲ್ಲಿ ಹಲವರು ದುರ್ಬಲರೆಂದು ಟೀಕಾಕಾರರು ಹೇಳುತ್ತಾರೆ. ರಾಕಿ ಮಾರ್ಸಿಯಾನೊ 49 ಪಂದ್ಯಗಳಲ್ಲಿ 49ನ್ನೂ ಗೆದ್ದರು. ಆದರೆ 1951ರಲ್ಲಿ ಅವರು ಸೋಲಿಸಿದ ಲೂಯಿಸ್‌ಗೆ ಆಗಲೇ 37 ವರ್ಷವಾಗಿತ್ತು. ಗೆಲುವಿನ ಎಣಿಕೆಯೊಂದರಿಂದಲೇ ಹಿರಿಮೆ ತೀರ್ಮಾನವಾಗದು. ಯಾರ ಎದುರು, ಯಾವಾಗ, ಯಾವ ಸಾಧನದಿಂದ ಎಂದೂ ಕೇಳಬೇಕು.

ಅದೇ ಪ್ರಶ್ನೆಗಳನ್ನು ಚಂದ್ರಶೇಖರ್ ಅವರಿಗೆ ಕೇಳೋಣ. ಬಾಲ್ಯದಲ್ಲಿ ಪೋಲಿಯೊ ತಗುಲಿ ಅವರ ಬಲಗೈ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು, ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಿಂದಲೇ. 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ನನಗಾಗ ಹನ್ನೆರಡು ವರ್ಷ. ಮರುದಿನ ಗಣೇಶನ ಹಬ್ಬ. ಮನೆಯಲ್ಲಿ ಒಂದು ಕಡೆ ಕಡುಬಿನ ಹಿಟ್ಟು ಕುದಿಯುತ್ತಿತ್ತು, ಇನ್ನೊಂದು ಕಡೆ ರೇಡಿಯೊ ಸುತ್ತ ನಾವೆಲ್ಲ ಕುಳಿತಿದ್ದೆವು. ಹಬ್ಬದ ದಿನ ನಾಲ್ಕು ವಿಕೆಟ್‌ಗಳ ಗೆಲುವು ಬಂತು. ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು.

ಅದು ಭಾವುಕತೆಯಷ್ಟೇ ಎಂದು ನೀವು ಹೇಳಬಹುದು. ಆದರೆ ಲೆಕ್ಕವನ್ನೇ ಬೇರೆ ರೀತಿಯಲ್ಲಿ ಓದಿ ನೋಡಿ. ಚಂದ್ರಶೇಖರ್ ಆಡಿದ ಟೆಸ್ಟ್‌ಗಳಲ್ಲಿ ಭಾರತ ಗೆದ್ದದ್ದು 14. ಆ 14ರಲ್ಲಿ ಅವರ ವಿಕೆಟ್‌ಗಳು 98, ಸರಾಸರಿ 19.27. ಗೆಲುವು ಕೈಗೆಟಕುವ ದಿನ ಅವರು ಎಂತಹ ಬೌಲರ್ ಆಗಿದ್ದರು ಎಂಬುದನ್ನು ಒಟ್ಟಾರೆ ಸರಾಸರಿ ಮರೆಮಾಚುತ್ತದೆ. 1977ರ ಕೊನೆಯಲ್ಲಿ ಆರಂಭವಾದ ಮೆಲ್ಬರ್ನ್ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ 6 ವಿಕೆಟ್ ಪಡೆದದ್ದು ಅದಕ್ಕೆ ಇನ್ನೊಂದು ಸಾಕ್ಷಿ.

ಪ್ರಸನ್ನರ ಕಥೆ ಬೇರೆ. 1962ರಲ್ಲಿ ಟೆಸ್ಟ್‌ಗೆ ಬಂದ ಅವರು ಎಂಜಿನಿಯರಿಂಗ್ ಓದು ಮುಗಿಸಲೆಂದು ದೂರ ಸರಿದು, ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಅನಂತರ 1967–68ರಲ್ಲಿ ಆಸ್ಟ್ರೇಲಿಯಾದಲ್ಲಿ 25, ನ್ಯೂಜಿಲೆಂಡಿನಲ್ಲಿ 24 ವಿಕೆಟ್ ಪಡೆದರು. ಎಂಟೇ ಟೆಸ್ಟ್‌ಗಳಲ್ಲಿ 49, ಅದೂ ಪರದೇಶದಲ್ಲಿ. 20 ಟೆಸ್ಟ್‌ಗಳಲ್ಲಿ ನೂರು ವಿಕೆಟ್ ತಲುಪಿದ ಅವರ ಭಾರತೀಯ ದಾಖಲೆಯನ್ನು ಮುರಿಯಲು 2013ರಲ್ಲಿ ಅಶ್ವಿನ್‌ರೇ ಬರಬೇಕಾಯಿತು. 1974ರಲ್ಲಿ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ತಡೆದ ಕರ್ನಾಟಕಕ್ಕೂ ಪ್ರಸನ್ನರೇ ನಾಯಕ.

ಕಾಲದ ಅಂತರವನ್ನೂ ಮರೆಯಬಾರದು. ಚಾಚಿದ ಮುಂಗಾಲಿಗೆ ಚೆಂಡು ತಗುಲಿದರೆ ಅಂದಿನ ಅಂಪೈರುಗಳು ಔಟ್ ಕೊಡಲು ಹಿಂಜರಿಯುತ್ತಿದ್ದರು. ತೀರ್ಪನ್ನು ಮರುಪರಿಶೀಲಿಸುವ ತಂತ್ರಜ್ಞಾನ ಟೆಸ್ಟ್‌ಗೆ ಬಂದದ್ದು 2008ರಲ್ಲಿ. ಅಂದು ಹೊಸ ಚೆಂಡು ಹಿಡಿಯುತ್ತಿದ್ದವರು ಆಬಿದ್ ಅಲಿ, ಸೋಲ್ಕರ್‌ರಂತಹ ಮಧ್ಯಮ ವೇಗಿಗಳು. ವಿಕೆಟ್ ಕೀಳುವ ಹೊರೆ ಬಹುಪಾಲು ಸ್ಪಿನ್ನರುಗಳದೇ. ಅಶ್ವಿನ್‌ಗೆ ಶಮಿ, ಬುಮ್ರಾರ ಆಸರೆ ಇತ್ತು. ಇದರಿಂದ ಅಶ್ವಿನ್ ಸಣ್ಣವರಾಗುವುದಿಲ್ಲ. ಹೋಲಿಕೆ ಕಷ್ಟವಾಗುತ್ತದೆ, ಅಷ್ಟೇ.

ಹಾಗೆಂದು ಸೋಲುಗಳನ್ನು ಮುಚ್ಚಿಡಲಾರೆ. 1978ರಲ್ಲಿ ಪಾಕಿಸ್ತಾನದಲ್ಲಿ ಜಹೀರ್ ಅಬ್ಬಾಸ್, ಮಿಯಾಂದಾದ್ ನಮ್ಮ ಸ್ಪಿನ್ನರುಗಳನ್ನು ನಿರ್ದಯವಾಗಿ ದಂಡಿಸಿದರು. ಜಹೀರ್ ಒಬ್ಬರೇ ಮೂರು ಟೆಸ್ಟ್‌ಗಳಲ್ಲಿ 583 ರನ್ ಹೊಡೆದರು. ಆ ಸರಣಿಯ ನಂತರ ಪ್ರಸನ್ನ ಮತ್ತೆ ಟೆಸ್ಟ್ ಆಡಲಿಲ್ಲ. ಜಗತ್ತೇ ನಡುಗುತ್ತಿತ್ತು ಎಂಬ ನನ್ನ ಮಾತು ಅಲ್ಲಿಯೂ ನಿಲ್ಲುವುದಿಲ್ಲ.

ಆದ್ದರಿಂದ ನನ್ನ ತಿದ್ದಿದ ಪಾಠ ಹೀಗಿದೆ. ನಾಲ್ವರು ಒಂದಾಗಿ ಜಗತ್ತನ್ನು ಗೆದ್ದರೆಂಬುದು ಕಥೆ. ಪೋಲಿಯೊ ತಗುಲಿದ ಕೈಯೊಂದು 14 ಗೆಲುವುಗಳಲ್ಲಿ 98 ವಿಕೆಟ್ ಪಡೆಯಿತೆಂಬುದು ಇತಿಹಾಸ. ಕಥೆಯನ್ನು ಬಿಟ್ಟುಕೊಟ್ಟರೂ ಹಿರಿಮೆ ಉಳಿಯುತ್ತದೆ, ಇನ್ನೂ ಗಟ್ಟಿಯಾಗಿಯೇ ಉಳಿಯುತ್ತದೆ.

ನನ್ನ ತಪ್ಪನ್ನು ತೋರಿಸಿಕೊಟ್ಟ ಆ ಹುಡುಗನಿಗೆ ಹತ್ತನೆಯ ತರಗತಿಯ ಇತಿಹಾಸದಲ್ಲಿ ನಾನು ಎಷ್ಟು ಅಂಕ ಕೊಟ್ಟಿದ್ದೆನೋ ನೆನಪಿಲ್ಲ. ಎಷ್ಟೇ ಕೊಟ್ಟಿದ್ದರೂ ಅದು ಕಡಿಮೆಯೇ.