ಅಧ್ಯಾಪಕರ ವೇತನಸಹಿತ ಅಧ್ಯಯನ ರಜೆ

ಶಿವಮೊಗ್ಗ ನಗರದಿಂದ ಸವಳಂಗ ರಸ್ತೆಯಲ್ಲಿ ಸಾಗಿದರೆ ನವುಲೆಯ ಬಳಿ ಜವಾಹರಲಾಲ್ ನೆಹರು ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು ಹಾಗೂ ಕೃಷಿ ಕಾಲೇಜು ಸಿಗುತ್ತವೆ. ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವಿದೆ. ಮೂರೂ ಕಡೆ ಪಾಠ ಹೇಳುವವರು ಅಧ್ಯಾಪಕರೇ ಆದರೂ ಓದಲು ರಜೆ ಬೇಕೆಂದಾಗ ಅವರು ತಟ್ಟಬೇಕಾದ ಬಾಗಿಲುಗಳು ಬೇರೆ ಬೇರೆ.

ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಆಧಾರವಾಗಿರುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ. ಅದರಂತೆ ಸಹಾಯಕ ಪ್ರಾಧ್ಯಾಪಕರಾಗಿ ಸೇರಿ ಕನಿಷ್ಠ ಮೂರು ವರ್ಷ ಸತತ ಸೇವೆ ಸಲ್ಲಿಸಿದವರು ಅಧ್ಯಯನ ರಜೆ ಕೋರಬಹುದು. ಮೊದಲಿಗೆ ಎರಡು ವರ್ಷ. ಪ್ರಗತಿ ತೃಪ್ತಿಕರವೆಂದು ಸಂಶೋಧನಾ ಮಾರ್ಗದರ್ಶಕರು ವರದಿ ನೀಡಿದರೆ ಇನ್ನೊಂದು ವರ್ಷ. ಮರಳಿದ ಮೇಲೆ ಕನಿಷ್ಠ ಮೂರು ವರ್ಷ ಅಲ್ಲಿಯೇ ಸೇವೆ ಸಲ್ಲಿಸುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ರಜೆಯ ಅವಧಿಯ ವಾರ್ಷಿಕ ಬಡ್ತಿಗಳು ಹಿಂದಿರುಗಿದಾಗ ವೇತನಕ್ಕೆ ಸೇರುತ್ತವೆ, ಆದರೆ ಹಿಂಬಾಕಿ ಸಿಗದು. ರಜೆ ಕೋರುವವರು ಬಹುಮಟ್ಟಿಗೆ ಗಮನಿಸದೆ ಬಿಡುವ ಅಂಶವಿದು.

ಸಬ್ಬಾಟಿಕಲ್ ರಜೆ ಇದಕ್ಕಿಂತ ಭಿನ್ನ. ಅದು ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕರಾಗಿ ಏಳು ವರ್ಷ ಪೂರೈಸಿದ ಕಾಯಂ ಅಧ್ಯಾಪಕರಿಗೆ ಮೀಸಲು. ಒಮ್ಮೆಗೆ ಒಂದು ವರ್ಷ, ವೃತ್ತಿಜೀವನದಲ್ಲಿ ಒಟ್ಟು ಎರಡು ವರ್ಷ. ಪೂರ್ಣ ವೇತನ ದೊರೆಯುತ್ತದೆ. ಬೇರೆಡೆ ಕಾಯಂ ಹುದ್ದೆ ಹಿಡಿಯುವಂತಿಲ್ಲ. ಪುನಶ್ಚೇತನ ಕೋರ್ಸು, ವಿಚಾರ ಸಂಕಿರಣಗಳಂಥ ಅಲ್ಪಾವಧಿ ಕೆಲಸಗಳಿಗೆ ಕರ್ತವ್ಯ ರಜೆ ಸಾಕು.

ಎಂಜಿನಿಯರಿಂಗ್ ಅಧ್ಯಾಪಕರಿಗೆ 1970ರಲ್ಲಿ ಆರಂಭವಾದ ಗುಣಮಟ್ಟ ಸುಧಾರಣಾ ಕಾರ್ಯಕ್ರಮವು ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲನ್ನು ತೆರೆಯಿತು. ಕೃಷಿ ವಿಶ್ವವಿದ್ಯಾಲಯಗಳಿಗೆ ಪ್ರತ್ಯೇಕ ಕಾಯ್ದೆಯಿದೆ. ಸರ್ಕಾರಿ ಪದವಿ ಕಾಲೇಜುಗಳವರಿಗೆ ಕರ್ನಾಟಕ ಸೇವಾ ನಿಯಮಗಳು ಅನ್ವಯಿಸುತ್ತವೆ.

ನಿಯಮದಲ್ಲಿ ಇಷ್ಟೆಲ್ಲ ಇದ್ದರೂ ರಜೆ ಎಂಬುದು ಹಕ್ಕಲ್ಲ, ಮಂಜೂರಾತಿ. ಒಂದು ವಿಭಾಗದಿಂದ ಏಕಕಾಲಕ್ಕೆ ಎಷ್ಟು ಮಂದಿ ಹೋಗಬಹುದೆಂಬುದಕ್ಕೆ ಮಿತಿಯಿದೆ. ಕಾಯಂ ಅಧ್ಯಾಪಕರು ಇಬ್ಬರೋ ಮೂವರೋ ಇರುವ ವಿಭಾಗದಲ್ಲಿ ಒಬ್ಬರು ಹೊರಟರೆ ಅವರ ತರಗತಿಗಳನ್ನು ತೆಗೆದುಕೊಳ್ಳುವವರು ಯಾರು? ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಯುಜಿಸಿಯ ಬೋಧಕ ಅಭಿವೃದ್ಧಿ ಕಾರ್ಯಕ್ರಮವು ಈ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಪಿಎಚ್‌.ಡಿ.ಗೆ ತೆರಳಿದ ಕಾಲೇಜು ಅಧ್ಯಾಪಕರ ಜಾಗಕ್ಕೆ ಬರುವ ಬದಲಿ ಅಧ್ಯಾಪಕರ ವೇತನವನ್ನು ಆಯೋಗವೇ ಭರಿಸುತ್ತಿತ್ತು. ಪಂಚವಾರ್ಷಿಕ ಯೋಜನೆಗಳ ಸರಣಿ 2017ರಲ್ಲಿ ಮುಗಿಯಿತು. ಬದಲಿ ವ್ಯವಸ್ಥೆಗೆ ಹಣ ಕಾಣಿಸದ ರಜೆ ನಿಯಮ ಕಾಗದದ ಮೇಲೆ ಉದಾರವಾಗಿಯೂ ಕಚೇರಿಯಲ್ಲಿ ಜಿಪುಣವಾಗಿಯೂ ಇರುತ್ತದೆಂಬುದು ಈ ಲೇಖನದ ಅಭಿಪ್ರಾಯ.

ಇದು ಕೇವಲ ಸವಲತ್ತಿನ ಮಾತಲ್ಲ. 2018ರ ನಿಯಮಾವಳಿ ಸಹ ಪ್ರಾಧ್ಯಾಪಕ ಹುದ್ದೆಗೆ ಪದೋನ್ನತಿ ಪಡೆಯಲು ಪಿಎಚ್‌.ಡಿ. ಕಡ್ಡಾಯಗೊಳಿಸಿದೆ. ರಜೆ ಸಿಗದವರು ಸಂಜೆ ಹಾಗೂ ಭಾನುವಾರಗಳಲ್ಲಿ ಪ್ರಬಂಧ ಬರೆಯಬೇಕು. ಮಹಿಳಾ ಅಧ್ಯಾಪಕರ ಪಾಲಿಗೆ ಆ ವೇಳೆ ಬಹುತೇಕ ಮನೆಗೆಲಸಕ್ಕೇ ಹೋಗಿರುತ್ತದೆ.

ಇನ್ನು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಕಾರ್ಯಭಾರದ ದೊಡ್ಡ ಭಾಗವನ್ನು ಹೊತ್ತಿರುವ ಇವರ ನೇಮಕ ವರ್ಷವರ್ಷಕ್ಕೂ ನವೀಕರಣಗೊಳ್ಳಬೇಕು. ಮೂರು ವರ್ಷಗಳ ಸತತ ಕಾಯಂ ಸೇವೆ ಎಂಬ ಮೊದಲ ಮೆಟ್ಟಿಲೇ ಅವರಿಗಿಲ್ಲ. ಕಾಯಂ ಅಧ್ಯಾಪಕರು ಅಧ್ಯಯನ ರಜೆಯ ಮೇಲೆ ಹೋದಾಗ ತರಗತಿಗೆ ಬರುವವರು ಮಾತ್ರ ಸಾಮಾನ್ಯವಾಗಿ ಇವರೇ.