ದಾಳಿಂಬೆ: ಬಣ್ಣ ಕೆಂಪು, ಕಬ್ಬಿಣ ಕಡಿಮೆ

ಒಣಸೀಮೆಯ ಹಣ್ಣು

ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರೇ ಇಂದಿನ ಹೇಮಾವತಿ. ಮಡಕಶಿರಾ ಸೀಮೆಯ ಈ ಕನ್ನಡದ ಊರು ಆಂಧ್ರದ ಅನಂತಪುರ ಜಿಲ್ಲೆಯಲ್ಲಿತ್ತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿಂದ ಗಡಿಯಾಚೆ ಕರ್ನಾಟಕದ ಶಿರಾ, ಪಾವಗಡ, ಹಿರಿಯೂರುಗಳವರೆಗೂ ಮಳೆ ಕಡಿಮೆ, ಬಿಸಿಲು ಜಾಸ್ತಿ. ದಾಳಿಂಬೆಗೆ ಒಗ್ಗುವುದು ಇದೇ ಹವೆ. ಕೊಳವೆಬಾವಿ, ಹನಿ ನೀರಾವರಿ ಬಂದ ಮೇಲೆ ಕಡಲೆಕಾಯಿ ಹೊಲಗಳ ನಡುವೆ ಕೆಂಪು ಕಾಳಿನ ‘ಭಗವಾ’ ತಳಿಯ ತೋಟಗಳೆದ್ದವು.

ರಕ್ತ ಹೆಚ್ಚಿಸುತ್ತದೆಯೇ?

ರಕ್ತ ಕಡಿಮೆಯಿದೆ ಎಂದೊಡನೆ ಮನೆಯವರು ದಾಳಿಂಬೆ ತರುತ್ತಾರೆ. ಬಣ್ಣ ನೋಡಿ ಹುಟ್ಟಿದ ನಂಬಿಕೆ ಇದು. 100 ಗ್ರಾಂ ಕಾಳಿನಲ್ಲಿ ಸಿಗುವ ಕಬ್ಬಿಣ ಸುಮಾರು 0.3 ಮಿಲಿಗ್ರಾಂ. ವಯಸ್ಕ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅಷ್ಟೇ ತೂಕದ ರಾಗಿಯಲ್ಲಿ ನಾಲ್ಕು ಮಿಲಿಗ್ರಾಂಗೂ ಮೇಲೆ, ಹುರುಳಿಯಲ್ಲಿ ಎಂಟಕ್ಕೂ ಮೇಲೆ ಕಬ್ಬಿಣವಿದೆ. ಮುದ್ದೆ, ಹುರುಳಿಸಾರು ಬಿಟ್ಟು ಹಣ್ಣನ್ನೇ ನಂಬಿ ಕೂರುವುದು ನಷ್ಟದ ವ್ಯಾಪಾರ. ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ನೆರವಾಗುವುದು ನಿಜ. ಆದರೆ ಆ ಲೆಕ್ಕದಲ್ಲಿ ಸೀಬೆಹಣ್ಣು, ನೆಲ್ಲಿಕಾಯಿ ದಾಳಿಂಬೆಗಿಂತ ಎಷ್ಟೋ ಮುಂದಿವೆ.

ಹಾಗಾದರೆ ಗುಣವೆಲ್ಲಿದೆ?

ಕಾಳಿನ ಕೆಂಪು ಆಂಥೋಸಯಾನಿನ್‌ಗಳದ್ದು. ಅದರೊಂದಿಗೆ ಪ್ಯೂನಿಕಾಲಜಿನ್ ಎಂಬ ಒಗರಿನ ಅಂಶವೂ ಇದೆ. ಅದು ಕರುಳಿನಲ್ಲಿ ಒಡೆದಾಗ ಅಲ್ಲಿನ ಸೂಕ್ಷ್ಮಜೀವಿಗಳು ಯೂರೊಲಿಥಿನ್ ಎಂಬ ಸಂಯುಕ್ತಗಳನ್ನು ತಯಾರಿಸುತ್ತವೆ; ಎಲ್ಲರ ಕರುಳಿಗೂ ಇದು ಒಂದೇ ಸಮ ಸಾಧ್ಯವಿಲ್ಲ. ದಾಳಿಂಬೆ ರಸದಿಂದ ರಕ್ತದೊತ್ತಡ ತುಸು ಇಳಿದದ್ದು ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಮಾತ್ರೆ ಬಿಡುವಷ್ಟೇನೂ ಅಲ್ಲ. ಚರಕಸಂಹಿತೆ ದಾಳಿಂಬೆಯನ್ನು ಹೃದಯಕ್ಕೆ ಹಿತವಾದ ಹತ್ತು ದ್ರವ್ಯಗಳಲ್ಲಿ ಎಣಿಸಿದೆ. ಇತ್ತ ಅಮೆರಿಕದ ಪಾಮ್ ವಂಡರ್‌ಫುಲ್ ಕಂಪನಿ ತನ್ನ ರಸ ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್‌ಗಳಿಗೆ ಒಳ್ಳೆಯದೆಂದು ಜಾಹೀರಾತು ಕೊಟ್ಟಾಗ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಅದನ್ನು ದಾರಿತಪ್ಪಿಸುವ ಪ್ರಚಾರ ಎಂದಿತು.

ನನಗೆ ಕಾಣುವ ದೊಡ್ಡ ಗುಣ ನಾರು: 100 ಗ್ರಾಂಗೆ ಸುಮಾರು 4 ಗ್ರಾಂ. ಅದಿರುವುದು ಬೀಜದಲ್ಲಿ. ರಸ ಹಿಂಡಿ ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರು ಲೋಟದ ಗೊಡವೆಗೆ ಹೋಗದೆ, ಮಿತವಾಗಿ ಕಾಳನ್ನೇ ಅಗಿಯುವುದು ಲೇಸು.

ಸಿಪ್ಪೆಯ ಮದ್ದು

ಭೇದಿಗೆ ಒಣಸಿಪ್ಪೆಯ ಪುಡಿಯನ್ನು ಮಜ್ಜಿಗೆಯಲ್ಲಿ ಕೊಡುವ ರೂಢಿಯಿದೆ. ಸಿಪ್ಪೆಯ ಒಗರು ಟ್ಯಾನಿನ್‌ನದು. ಮಗುವಿಗೆ ಭೇದಿಯಾದರೆ ಮಾತ್ರ ಮೊದಲು ಬೇಕಾದದ್ದು ಓಆರ್‌ಎಸ್. ಬೇರಿನ ತೊಗಟೆಯನ್ನು ಹಿಂದೆ ಲಾಡಿಹುಳುವಿಗೆ ಕೊಡುತ್ತಿದ್ದರು. ಅದರಲ್ಲಿರುವ ಪೆಲ್ಲೆಟಿಯರಿನ್ ಅತಿಯಾದರೆ ವಿಷ. ಮನೆಯಲ್ಲಿ ಪ್ರಯೋಗ ಬೇಡ.

ಯಾರಿಗೆ ಎಚ್ಚರ

ಪೊಟ್ಯಾಸಿಯಂ ಮಿತಿ ಹೇಳಿಸಿಕೊಂಡ ಮೂತ್ರಪಿಂಡದ ರೋಗಿಗಳು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಇನ್ನೊಂದು: ದುಂಡಾಣು ಅಂಗಮಾರಿ ರೋಗಕ್ಕೆ ಹೆದರಿ ತೋಟಗಳಲ್ಲಿ ತಾಮ್ರದ ಔಷಧಿ ಸಿಂಪಡಿಸುತ್ತಾರೆ. ಹಾಗಾಗಿ ಸಂತೆಯ ಹಣ್ಣಿನ ಸಿಪ್ಪೆಯನ್ನು ಮದ್ದಿಗೆ ಬಳಸದಿರುವುದೇ ವಾಸಿ. ಕಾಳಷ್ಟೇ ತಿನ್ನುವವರೂ ಹಣ್ಣನ್ನು ತೊಳೆದೇ ಹೆಚ್ಚಬೇಕು. ಹೊರಗಿನದನ್ನು ಚಾಕು ಒಳಕ್ಕೆ ಒಯ್ಯುತ್ತದೆ.