ಗಾಜಿನ ತೊಟ್ಟಿಗೆ ಮೊದಲ ಮೀನು

ಮಕ್ಕಳ ಹಟಕ್ಕೆ ಮಣಿದು ಮೀನಿನ ತೊಟ್ಟಿಯೊಂದನ್ನು ಮನೆಗೆ ತರುವುದು ನಮ್ಮ ನಿಗಡಿಯಲ್ಲಿ ಅಪರೂಪವೇನಲ್ಲ. ಬೆಳಿಗ್ಗೆ ತೊಟ್ಟಿ, ಸಂಜೆ ಮೀನು, ವಾರದೊಳಗೆ ಮಗುವಿನ ಅಳು! ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ತಂದ ನಾಲ್ಕು ಗೋಲ್ಡ್‌ಫಿಶ್‌ಗಳಲ್ಲಿ ಆರನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. "ನೀರು ತಿಳಿಯಾಗಿಯೇ ಇದೆಯಲ್ಲ ಅಪ್ಪಾ, ಮತ್ತೇಕೆ ಸತ್ತವು?" ಎಂದು ಮಗಳು ಕೇಳಿದಳು. ಉತ್ತರ ಹುಡುಕಹೊರಟ ನನಗೆ ಸಿಕ್ಕಿದ್ದು ಸ್ವಾರಸ್ಯವಾದ ಒಂದು ಇತಿಹಾಸ.

ಮೀನಿನ ವಿನೋದ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೇ ಇದೆ. ಮೀನಿನ ಜಾತಿಗಳನ್ನೂ ಅವುಗಳ ಆಹಾರವನ್ನೂ ಅದು ವಿವರಿಸುತ್ತದೆ. ಆದರೆ ಅದು ಗಾಳದ ಆಟ. ಹರಿಯುವ ಹೊಳೆ ತನ್ನ ಕೊಳೆಯನ್ನು ತಾನೇ ಕಳೆದುಕೊಳ್ಳುತ್ತದೆ. ಗಾಜಿನ ತೊಟ್ಟಿಗೆ ಆ ಭಾಗ್ಯವಿಲ್ಲ.

1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪಾತ್ರೆಯಲ್ಲಿ ಮರಳು, ಕಲ್ಲು, ನೀರುಗಿಡಗಳನ್ನಿಟ್ಟು ಎರಡು ಪುಟ್ಟ ಗೋಲ್ಡ್‌ಫಿಶ್ ಬಿಟ್ಟ. ಕೊಳೆತ ಎಲೆಗಳಿಂದ ನೀರು ಕದಡಿತು. ಆಗ ಕೊಳದ ಬಸವನಹುಳುಗಳನ್ನು ಸೇರಿಸಿದ. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಗೊಳಿಸಿದವು. ಗಿಡ, ಹುಳು, ಮೀನು ಮೂರೂ ಪರಸ್ಪರ ಆಸರೆ ಎಂದು 1850ರಲ್ಲಿ ಆತ ಪ್ರಕಟಿಸಿದ.

ಆದರೆ ಕಣ್ಣಿಗೆ ಕಾಣದ ನಾಲ್ಕನೆಯ ಪಾಲುದಾರನೊಬ್ಬನಿದ್ದ. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಹಾಕುತ್ತದೆ. ಅದು ವಿಷ, ನೀರು ಎಷ್ಟು ತಿಳಿಯಾಗಿದ್ದರೂ ವಿಷವೇ. ಅದನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸೋಜಿಗವೆಂದರೆ, ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆಂದು ಹೊಲದ ಮಣ್ಣಿನ ಅಧ್ಯಯನದಿಂದ ಕಂಡುಕೊಂಡವರಲ್ಲಿ ಒಬ್ಬ ಅದೇ ವಾರಿಂಗ್ಟನ್ನನ ಮಗ. ಅವನ ಹೆಸರೂ ರಾಬರ್ಟ್! ಆ ಜೀವಿಗಳನ್ನು ಬೇರ್ಪಡಿಸಲು ಅವನಿಗಾಗಲಿಲ್ಲ. 1890ರ ಸುಮಾರಿಗೆ ಅದನ್ನು ಸಾಧಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ. ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೆಯ ಹಂತವನ್ನು ನಡೆಸುವುದು ಬಹುಕಾಲ ನಂಬಿದ್ದಂತೆ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಬಳಗ ಎಂಬುದು 1998ರಷ್ಟು ಈಚೆಗೆ ತಿಳಿದದ್ದು.

ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾವೋ ಒಂದು ದಿನವೂ ಕಾಯಲಿಲ್ಲ. ಸಾಲದ್ದಕ್ಕೆ ಪವನಾ ನದಿಯಿಂದ ಬಂದು ಸೆಕ್ಟರ್ 23ರಲ್ಲಿ ಶುದ್ಧಿಯಾಗುವ ನಲ್ಲಿ ನೀರನ್ನು ಹಾಗೆಯೇ ತುಂಬಿಸಿದ್ದೆವು. ನಮ್ಮನ್ನು ರೋಗದಿಂದ ಕಾಯುವ ಕ್ಲೋರಿನ್ ಮೀನಿಗೂ ಈ ಜೀವಿಗಳಿಗೂ ಶತ್ರು.

ಎರಡನೆಯ ಸಲ ನೀರಿನ ಕ್ಲೋರಿನ್ ಕಳೆದು, ಪರಿಚಿತರೊಬ್ಬರ ಆರೋಗ್ಯವಂತ ಹಳೆಯ ತೊಟ್ಟಿಯಿಂದ ಶೋಧಕದ ಸ್ಪಂಜಿನ ತುಂಡೊಂದನ್ನು ತಂದು ಹಾಕಿದೆವು. "ಇದೇನು, ಮೊಸರಿಗೆ ಹೆಪ್ಪು ತಂದ ಹಾಗಾಯಿತಲ್ಲ!" ಎಂದು ನನ್ನಾಕೆ ನಕ್ಕಳು. ನಿಜವೇ. ಈ ಊರಿಗೆ ಬಂದ ಹೊಸದರಲ್ಲಿ ನಮ್ಮ ಹಾಲಿಗೂ ಪಕ್ಕದ ಮನೆಯ ಕಾಕೂ ತಾನೇ ಹೆಪ್ಪು ಕೊಟ್ಟದ್ದು?

ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತ ಆ ಜೀವಿಗಳನ್ನು ಬೆಳೆಸಿದೆವು. ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾಗಿ ನಿಂತ ಮೇಲೆ, ಮಗಳ ಕೈಯಿಂದಲೇ ಎರಡೇ ಎರಡು ಮೀನು ಬಿಡಿಸಿದೆವು. ಅವು ಇಂದಿಗೂ ಆಡಿಕೊಂಡಿವೆ.